ತೆಗೆದದ್ದನ್ನು ಕೊಡಿ ಎಂದು ಕೇಳಿದ ತಪ್ಪಿಗೆ

ವೈದ್ಯರ ಮೇಲಿನ ದೂರುಗಳನ್ನು ವಿಚಾರಿಸುವ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಮೊನ್ನೆ ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿದ್ದೆ. ಕನಸಿನಲ್ಲಿ ತಾವು ಬಂದಿರಿ. ಕೈಯಲ್ಲಿ ಒಂದು ಟೇಬಲ್ ಫ್ಯಾನು. "ಸ್ವಲ್ಪ ಕಿರುಗುಟ್ಟುತ್ತೆ, ನೋಡಯ್ಯಾ" ಅಂದಿರಿ. ನಾನು ಎರಡು ಹನಿ ಎಣ್ಣೆ ಬಿಡುವುದರ ಬದಲು ಮೋಟರನ್ನೇ ಕಿತ್ತು ತೆಗೆದೆ. "ಮೋಟರ್ ಚೆನ್ನಾಗೇ ಇತ್ತಲ್ಲಯ್ಯಾ!" ಎಂದು ತಾವು ಗಾಬರಿಯಾದಿರಿ. "ತಮ್ಮ ಸಹಿ ಇದೆಯಲ್ಲ ಸ್ವಾಮಿ" ಅಂದೆ ನಾನು. ಎಚ್ಚರವಾದಾಗ ಬನಿಯನ್ ಒದ್ದೆಯಾಗಿತ್ತು. ಕನಸಿನಲ್ಲಾದರೂ ಅಂಥ ಕೆಲಸ ಮಾಡಿದೆನಲ್ಲ ಎಂದು ಅವತ್ತೆಲ್ಲ ನನಗೆ ಊಟ ಸೇರಲಿಲ್ಲ.

ನನ್ನ ದೂರು ಇಷ್ಟೇ. ನನ್ನ ಹೆಂಡತಿಯ ಹೊಟ್ಟೆಯಲ್ಲಿ ತನ್ನ ಪಾಡಿಗೆ ತಾನಿದ್ದ ಪಿತ್ತಕೋಶವನ್ನು, ಇಲ್ಲದ ಕಲ್ಲು ಇದೆ ಎಂದು ಹೇಳಿ ಒಂದು ಆಸ್ಪತ್ರೆಯವರು ತೆಗೆದುಹಾಕಿದ್ದಾರೆ. "ರೋಗಿಯ ಗಂಡನ ಲಿಖಿತ ಒಪ್ಪಿಗೆ ಇರುವುದರಿಂದ ದೂರಿನಲ್ಲಿ ಹುರುಳಿಲ್ಲ" ಎಂದು ತಮ್ಮ ಮಂಡಳಿ ಎರಡು ಸಲ ಉತ್ತರ ಕಳಿಸಿದೆ. ಎರಡೂ ಒಂದೇ ಕಾಗದ, ತಾರೀಖು ಮಾತ್ರ ಬೇರೆ. ಮೂರನೆಯ ಸಲವೂ ಅದೇ ಕಾಗದ ಹುಡುಕುವ ಶ್ರಮ ತಮ್ಮ ಗುಮಾಸ್ತರಿಗೆ ಬೇಡವೆಂದು ಈ ಪತ್ರವನ್ನು ಬಹಿರಂಗವಾಗಿ, ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಮಂಡಳಿಗೆ ಪತ್ರ ಬರೆಯುವ ಪಾಠ ಉಳಿದರ್ಧದಲ್ಲಿ ಇತ್ತೋ ಏನೋ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ಫ್ಯಾನು, ಮಿಕ್ಸರು, ಇಸ್ತ್ರಿ ಪೆಟ್ಟಿಗೆ ರಿಪೇರಿಯ ಅಂಗಡಿ. ಅದೇ ಮಳಿಗೆಯ ಇನ್ನೊಂದು ಪಕ್ಕದಲ್ಲಿ ಮೇಜು ಹಾಕಿಕೊಂಡು ನನ್ನ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಮಾಡುತ್ತಿದ್ದಳು" ಎಂದು ಬರೆಯುವಾಗ ಕೈ ನಿಂತಿತು. ಇರಲಿ. ಹೆಚ್ಚುಕಡಿಮೆ ಎರಡು ವರ್ಷದ ಹಿಂದೆ ಅವಳಿಗೆ ಊಟವಾದ ಮೇಲೆ ಎದೆಯುರಿ ಶುರುವಾಯಿತು. "ಗ್ಯಾಸು ಕಣ್ರೀ, ಎರಡು ದಿನ ಸುಮ್ನಿದ್ರೆ ಹೋಗುತ್ತೆ" ಅಂದಳು. ನಾನು ಸುಮ್ಮನಿರುವ ಜಾತಿಯಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿಯ ತಿರುವಿನಿಂದ ಮತ್ತೆ ಬಂದು ಎಳೆಯುವವನು. ನಾನೇ ಹಟ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಈ ಮಾತನ್ನು ತಾವು ನನ್ನ ವಿರುದ್ಧ ಬಳಸಬಹುದು. ಮನೆಯಲ್ಲಿ ಆಗಲೇ ಬಳಕೆಯಲ್ಲಿದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ವಿಮೆಯ ಕಾರ್ಡನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಬಾಯಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ತೀವಿ, ಅಷ್ಟೇ. ಸಾಯಂಕಾಲ ಮನೆಗೆ ಹೋಗ್ಬಹುದು" ಅಂದರು. ಬೆಳಿಗ್ಗೆ ಒಂಬತ್ತೂವರೆಗೆ ಅವಳನ್ನು ಒಳಗೆ ಕರೆದುಕೊಂಡರು. ಹೋಗುವಾಗ "ಕ್ಯಾಮೆರಾ ಅಂತೆ, ತಲೆ ಬಾಚ್ಕೊಂಡು ಬರ್ಬೇಕಿತ್ತು" ಎಂದು ನಕ್ಕಳು. ಹನ್ನೊಂದೂವರೆ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು ನನ್ನ ಭುಜ ತಟ್ಟಿದರು. "ನಿಮ್ ಅದೃಷ್ಟ ಚೆನ್ನಾಗಿತ್ತು. ಪಿತ್ತಕೋಶದ ತುಂಬಾ ಕಲ್ಲು. ಚೀಲ ಸಮೇತ ತೆಗೆದುಬಿಟ್ವಿ." ಬಾಯಿಂದ ಹೋದ ಕ್ಯಾಮೆರಾ ಹೊಟ್ಟೆಯ ಮೇಲೆ ನಾಲ್ಕು ತೂತು ಹೇಗೆ ಮಾಡಿತು ಎಂದು ನನಗೆ ಆಗ ಹೊಳೆಯಲಿಲ್ಲ. ಕೈ ಮುಗಿದೆ. ಹೌದು ಸ್ವಾಮಿ, ಕೈ ಮುಗಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗಿರಾಕಿಯ ಫ್ಯಾನಿನಿಂದ ಕಂಡೆನ್ಸರ್ ತೆಗೆದರೆ, ಕೆಟ್ಟಿರುವ ಆ ಹಳೆಯದನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡಬೇಕು. ಅವನು ಹೊರಗೆ ಹೋಗಿ ಕಸಕ್ಕೆ ಎಸೆಯಲಿ, ಅದು ಅವನಿಷ್ಟ. ಕೊಟ್ಟ ಮೇಲೆ ನನ್ನ ಪುಸ್ತಕದಲ್ಲಿ ಅವನ ಸಹಿ, ಸಹಿಯ ಬಲಕ್ಕೆ ಗಂಟೆ, ನಿಮಿಷ. ಗಂಟೆ ಬರೆಸುವುದು ಕಸುಬಿನ ಪದ್ಧತಿಯಲ್ಲ, ನನ್ನ ಪುಕ್ಕಲುತನ. ಮೂವತ್ತು ವರ್ಷದಿಂದ ಬರೆಸಿ ಬರೆಸಿ ಈಗ ನಾನು ಎಲ್ಲಿ ಸಹಿ ಹಾಕಿದರೂ ಕೈ ತಾನಾಗಿ ಗಂಟೆ ಬರೆಯುತ್ತದೆ. ಮಗಳ ಮದುವೆಯ ದಾಖಲೆ ಪುಸ್ತಕದಲ್ಲೂ ಬರೆದು ಬೈಸಿಕೊಂಡಿದ್ದೇನೆ.

ಹಾಗಾಗಿ ವಾರ್ಡಿನ ನರ್ಸಮ್ಮನ ಹತ್ತಿರ ಹೋಗಿ ಕೇಳಿದೆ. "ತೆಗೆದದ್ದನ್ನ ಕೊಡ್ತೀರಾಮ್ಮಾ?"

"ಏನನ್ನ?"

"ಆ ಚೀಲ. ತೆಗೆದ ಪಾರ್ಟು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ತಗೊಂಡ್ಹೋಗಿ ಏನ್ ಮಾಡ್ತೀರಿ?"

"ಏನೂ ಮಾಡಲ್ಲಮ್ಮಾ. ನಮ್ಮಲ್ಲಿ ಕೊಡೋದು ಪದ್ಧತಿ."

ಒಳಗೆ ಹೋಗಿ ಯಾರನ್ನೋ ಕೇಳಿ, ತುಸು ಹೊತ್ತಿಗೆ, ಔಷಧದ ನೀರಿನಲ್ಲಿ ಆ ಚೀಲ ಮುಳುಗಿಸಿಟ್ಟ ಒಂದು ಪ್ಲಾಸ್ಟಿಕ್ ಬಾಟಲಿ ತಂದರು. ಜೊತೆಗೆ ಸಣ್ಣಕ್ಷರದ ಎರಡು ಹಾಳೆ. "ಇಲ್ಲೊಂದು ಸೈನ್ ಹಾಕಿ."

"ಬಾಟ್ಲಿ ತಗೊಂಡಿದ್ದಕ್ಕಾ?"

"ಹೂಂ, ಎಲ್ಲಾದಕ್ಕೂ ಸೇರಿ."

ವಸ್ತು ಕೈಗೆ ಬಂದ ಮೇಲೆ ಸಹಿ. ನನ್ನ ಪುಸ್ತಕದಲ್ಲಿ ಸಾವಿರ ಗಿರಾಕಿಗಳು ಓದದೆ ಹಾಕಿದ ಹಾಗೆಯೇ ಹಾಕಿದೆ. ಮಾನ್ಯರೇ, ತಾವು "ಲಿಖಿತ ಒಪ್ಪಿಗೆ" ಎಂದು ಕರೆಯುತ್ತಿರುವುದು ಆ ಕಾಗದವನ್ನು. ಒಂದು ಅಂಗವನ್ನು ತೆಗೆಯಲು ಅನುಮತಿ ಕೊಡುವಾಗ ಆ ಅಂಗ ನನ್ನ ಎಡಗೈಯಲ್ಲಿತ್ತು.

ನನ್ನ ಹೆಂಡತಿಗೆ ಇದರಲ್ಲಿ ಬೇರೆಯೇ ತಕರಾರಿದೆ. "ಹೊಟ್ಟೆ ನಂದು, ಸಹಿ ನಿಮ್ದು. ನನ್ನನ್ನೊಂದು ಮಾತು ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು?" ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ಅವಳಿಗೇ ನೇರವಾಗಿ ಬರೆಯಿರಿ. ನಾನು ಮಧ್ಯದಲ್ಲಿ ನಿಲ್ಲಲಾರೆ.

ಮುಂದಿನದು ತಮ್ಮ ಕಡತದಲ್ಲಿದೆ. ಹತ್ತನೆಯ ದಿನ ಹೊಟ್ಟೆಯೊಳಗೆ ಪಿತ್ತ ಸೋರಿ, ಅವಳ ಕಣ್ಣು ಹಳದಿಯಾಗಿ, ಬೇರೆ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕೊಯ್ಯಬೇಕಾಯಿತು. ಮೂರು ತಿಂಗಳು ಹಾಸಿಗೆ. ಇಸ್ತ್ರಿ ಪೆಟ್ಟಿಗೆ ಎತ್ತಿದರೆ ಪಕ್ಕೆ ಹಿಡಿಯುತ್ತದೆ ಎಂದು ಈಗ ಸ್ಟೂಲಿನ ಮೇಲೆ ಕೂತು ನಾನು ಇಸ್ತ್ರಿ ಮಾಡುವುದನ್ನು ನೋಡಿ ತಪ್ಪು ಹಿಡಿಯುತ್ತಾಳೆ. "ಕಾಲರು ಸುಟ್ರಿ. ಪಿತ್ತ ನೆತ್ತಿಗೇರ್ತಿದೆ ಅನ್ನೋಣ ಅಂದ್ರೆ ಅದರ ಚೀಲಾನೂ ಇಲ್ಲ ನಂಗೆ." ಎರಡನೆಯ ಆಸ್ಪತ್ರೆಯ ಡಾಕ್ಟರು ಹಳೆಯ ಸ್ಕ್ಯಾನ್ ನೋಡಿ, ಬಾಗಿಲು ಹಾಕಿಸಿ, "ಇದನ್ನ ತೆಗೆಯೋ ಅಗತ್ಯಾನೇ ಇರ್ಲಿಲ್ಲ" ಅಂದರು. "ಅದನ್ನೇ ಒಂದು ಸಾಲು ಬರೆದುಕೊಡಿ ಸಾರ್" ಅಂದೆ. "ಬಾಯಲ್ಲಿ ಬೇಕಾದ್ರೆ ಇನ್ನೊಂದ್ಸಲ ಹೇಳ್ತೀನಿ" ಅಂದರು. ಹೇಳಿದರು ಕೂಡ. ಒಳ್ಳೆಯ ಮನುಷ್ಯರು.

ಬಾಟಲಿ ನನ್ನ ಅಂಗಡಿಯ ಕಪಾಟಿನಲ್ಲಿತ್ತು, ಮಿಕ್ಸರಿನ ಜಾರುಗಳ ಪಕ್ಕ, ತಾರೀಖಿನ ಚೀಟಿ ಅಂಟಿಸಿಕೊಂಡು. ಗಿರಾಕಿಗಳು ಇದೇನೆಂದು ಕೇಳಿದರೆ ನನ್ನ ಹೆಂಡತಿ, "ಅದು ರಿಪೇರಿಗೆ ಬಂದಿದ್ದಲ್ಲ, ರಿಪೇರಿಯಾಗಿ ಬಂದಿದ್ದು" ಅನ್ನುತ್ತಿದ್ದಳು. ಕೊನೆಗೆ ಅದನ್ನು ಪ್ರಯೋಗಾಲಯಕ್ಕೆ ಒಯ್ದೆ. ವರದಿ ಬಂತು: ಕಲ್ಲಿಲ್ಲ, ಬಾವಿಲ್ಲ, ಆರೋಗ್ಯವಾಗಿದೆ. ಇಡೀ ಮನೆಯಲ್ಲಿ ಆರೋಗ್ಯವಾಗಿದ್ದದ್ದು ಆಗ ಅದೊಂದೇ. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಹನ್ನೊಂದು ಕಲ್ಲಿವೆ. ತಮ್ಮ ಮಂಡಳಿಯ ಉತ್ತರ: ಬಾಟಲಿಗೆ ಆಸ್ಪತ್ರೆಯ ಮೊಹರಿಲ್ಲ, ಆದ್ದರಿಂದ ಅದು ರೋಗಿಯದೇ ಎನ್ನಲಾಗದು. ಒಪ್ಪಿದೆ. ಹಾಗಾದರೆ ಅದು ಯಾರದು ಸ್ವಾಮಿ? ಫ್ಯಾನ್ ರಿಪೇರಿಯವನು ಊರ ಮಂದಿಯ ಪಿತ್ತಕೋಶ ಕೂಡಿಡುತ್ತಾನೆಯೇ?

ಕಾನೂನಿನಲ್ಲಿ ನನಗೆ ಮೂರು ಬಾಗಿಲುಗಳಿವೆಯೆಂದು ತಿಳಿದವರು ಹೇಳಿದರು. ಪೊಲೀಸ್ ಠಾಣೆಗೆ ಹೋದೆ. "ಡಾಕ್ಟರ ಮೇಲೆ ಕೇಸ್ ಹಾಕ್ಬೇಕಾದ್ರೆ ಮಂಡಳಿಯವರ ಅಭಿಪ್ರಾಯ ಬೇಕು" ಅಂದರು. ಗ್ರಾಹಕರ ನ್ಯಾಯಾಲಯಕ್ಕೆಂದು ವಕೀಲರನ್ನು ಕಂಡೆ. "ಇನ್ನೊಬ್ಬ ಡಾಕ್ಟರು ಬರೆದುಕೊಡ್ಬೇಕು, ಇಲ್ಲಾ ಮಂಡಳಿ ಬರೆದುಕೊಡ್ಬೇಕು. ಹಾಂ, ಆಪರೇಷನ್ ಆದ ಎರಡು ವರ್ಷದೊಳಗೆ" ಅಂದರು. ಮಂಡಳಿಗೆ ಬಂದೆ. ತಮ್ಮ ಗುಮಾಸ್ತರು ತಲೆಯೆತ್ತದೆ, "ಅಷ್ಟು ಅನುಮಾನ ಇದ್ರೆ ಪೊಲೀಸ್‌ಗೆ ಹೋಗಿ, ಕೋರ್ಟ್‌ಗೆ ಹೋಗಿ" ಅಂದರು. ಮೂರು ಬಾಗಿಲು ಇರುವುದು ನಿಜ. ಒಂದರ ಕೀಲಿ ಇನ್ನೊಂದರೊಳಗಿದೆ, ಅಷ್ಟೇ. ಎರಡು ವರ್ಷ ತುಂಬಲು ಇನ್ನು ನಲವತ್ತೊಂದು ದಿನವಿದೆ. ಬೆಳಿಗ್ಗೆ ಎದ್ದ ಕೂಡಲೇ ಎಣಿಸುತ್ತೇನೆ, ಹಲ್ಲುಜ್ಜಿದ ಮೇಲೆ ಇನ್ನೊಮ್ಮೆ ಎಣಿಸುತ್ತೇನೆ. ಎರಡು ಸಲವೂ ಒಂದೇ ಲೆಕ್ಕ ಬರುತ್ತಿದೆ.

ನಾನು ಆ ಡಾಕ್ಟರರನ್ನು ಜೈಲಿಗೆ ಹಾಕಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ಅದು ನ್ಯಾಯಾಲಯದ ಕೆಲಸ. ನನ್ನ ಹೆಂಡತಿಯನ್ನು ಆ ನ್ಯಾಯಾಲಯದ ಮೆಟ್ಟಿಲು ಹತ್ತಲು ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ. ಅದಕ್ಕೆ ತಮ್ಮ ಕಡತದಿಂದ "ಒಪ್ಪಿಗೆ ಇತ್ತು" ಎಂಬ ಆ ಒಂದು ಸಾಲು ಹೋಗಬೇಕು. ಅವಧಿ ಮುಗಿಯುವ ಮೊದಲು ದೂರನ್ನು ಮತ್ತೆ ತೆರೆಯಿರಿ, ಅವಳನ್ನೇ ಕರೆದು ಕೇಳಿ. ಕುರ್ಚಿ ಕೊಡಿ, ಬಹಳ ಹೊತ್ತು ನಿಲ್ಲಲಾರಳು.

ಕೊನೆಯದಾಗಿ ಒಂದು ಸಣ್ಣ ವಿಷಯ. ಶಸ್ತ್ರಚಿಕಿತ್ಸೆ ಬೆಳಿಗ್ಗೆ ಹತ್ತೂ ಐದಕ್ಕೆ ಶುರುವಾಗಿ ಹನ್ನೊಂದೂ ಇಪ್ಪತ್ತಕ್ಕೆ ಮುಗಿಯಿತು ಎಂದು ತಮ್ಮದೇ ಕಾಗದ ಹೇಳುತ್ತದೆ. ಒಪ್ಪಿಗೆ ಪತ್ರದ ಜೆರಾಕ್ಸನ್ನು ತಾವು ಕಳಿಸಿದ್ದೀರಿ. ಅದರಲ್ಲಿ ಎರಡನೆಯ ಹಾಳೆಯ ಬಲ ಅಂಚು ನನ್ನ ಸಹಿ ಮುಗಿಯುವಲ್ಲಿಗೇ ಕತ್ತರಿಸಿದೆ. ಜೆರಾಕ್ಸ್ ಯಂತ್ರದ ದೋಷವಿರಬಹುದು, ಬೇಕಾದರೆ ತಂದುಕೊಡಿ, ನೋಡುತ್ತೇನೆ. ಆದರೆ ಸಹಿ ಹಾಕುವಾಗ ನಾನು ವಾರ್ಡಿನ ಗೋಡೆ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಅದು ಏಳು ನಿಮಿಷ ಮುಂದಿತ್ತು. ಬಾಟಲಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಆ ಏಳನ್ನು ಮನಸ್ಸಿನಲ್ಲಿ ಕಳೆದೆ. ದಯವಿಟ್ಟು ಮೂಲ ಪ್ರತಿಯನ್ನು ತರಿಸಿ, ಎರಡನೆಯ ಹಾಳೆಯಲ್ಲಿ ನನ್ನ ಸಹಿಯ ಬಲಕ್ಕೆ ಏನು ಬರೆದಿದೆಯೆಂದು ಇನ್ನೊಮ್ಮೆ ನೋಡಿ. ಹನ್ನೆರಡು ಗಂಟೆ ಹದಿಮೂರು ನಿಮಿಷ ಎಂದಿರಬೇಕು.

ಇಂತಿ,
ತೆಗೆದದ್ದನ್ನು ಗಿರಾಕಿಯ ಕೈಗೇ ಕೊಡುವ ಒಬ್ಬ ರಿಪೇರಿಯವನು
ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ
(ಗಡಿಯಾರ ಸರಿಯಿದೆ, ಎರಡು ಸಲ ನೋಡಿದ್ದೇನೆ)