ಫ್ಯಾನ್ ಆರಿಸಿ ತೂಗಿದ ರೆಕ್ಕೆ

ಅಣ್ಣಾ,

ಹಣೆಯ ಹೊಲಿಗೆ ಮುಟ್ಟಬೇಡ. ಸ್ಟೀಲ್ ಸ್ಕೇಲಿನಿಂದ ಹೊಡೆದದ್ದು ನಾನೇ ಎಂದು ಅಮ್ಮನಿಗೆ ಹೇಳಿದ್ದೇನೆ. “ಅಳೆಯೋಕೆ ತಂದ್ಕೊಟ್ರೆ ತಲೆ ಒಡೀತೀಯೇನೇ, ಮಾರಿ?” ಅವಳ ರಾಗದಲ್ಲೇ ಓದಿಕೋ.

ನಾಳೆ ಸ್ಪರ್ಧೆಯಲ್ಲಿ ಹಾರಿಸಬೇಕಾದ ಪುಟ್ಟ ವಿಮಾನದ ರೆಕ್ಕೆ ನೀನು ಹೇಳಿದ್ದಕ್ಕಿಂತ ಒಂದು ಗ್ರಾಂ ಹೆಚ್ಚು ತೂಗಿತೆಂದು ನಿನ್ನನ್ನು ಸುಳ್ಳ ಅಂದೆ, ರೆಕ್ಕೆಯನ್ನು ಲಟಲಟ ಮುರಿದೆ, ನೀನು ಕೈ ಹಿಡಿದಾಗ ಹಣೆ ಸೀಳಿದೆ. ಬೆಳಿಗ್ಗೆ ಅದೇ ಅಗ್ಗದ ತಕ್ಕಡಿಯಲ್ಲಿ, ಫ್ಯಾನ್ ಆರಿಸಿ, ಚೂರುಗಳನ್ನೆಲ್ಲ ತೂಗಿದೆ. ನೀನು ಹೇಳಿದಷ್ಟೇ ಇದೆ. ನಿನ್ನೆ ಫ್ಯಾನಿನ ಗಾಳಿ ರೆಕ್ಕೆಯನ್ನು ಒತ್ತುತ್ತಿತ್ತು, ನಾನು ನಿನ್ನ ಮೇಲೆ ಬಿದ್ದೆ.

ಚೂರುಗಳು ಶೂ ಡಬ್ಬಿಯಲ್ಲಿವೆ. ಸಿಟ್ಟಿಗೆ ತುಳಿಯಬೇಡ, ತುಳಿಯಲೇಬೇಕಾದರೆ ನನ್ನನ್ನು ತುಳಿ. ಸಂಜೆ ನಾನು ಬಂದಾಗ ಬಾಗಿಲು ತೆಗೆಯಲು ನಿನಗೆ ಮನಸ್ಸಿಲ್ಲದಿದ್ದರೆ ಡಬ್ಬಿ, ಅಂಟು ಹೊರಗಿಡು. ಮೆಟ್ಟಿಲ ಮೇಲೇ ಕೂತು ಅಂಟಿಸುತ್ತೇನೆ.