ನಾಲ್ಕು ಬೆರಳು ಕಬ್ಬಿಣ

ಚಂದ್ರನ ನಾಲ್ಕುನೂರ ಹದಿನೇಳನೆಯ ಹಗಲು

ನಮ್ಮ ಮೊದಲ ಹಡಗಿಗೆ ಸಾಮಾನಿನ ಪಟ್ಟಿ ಬರೆಯುತ್ತಿರುವ ಹಿರಿಯರಿಗೆ,

ನೀವಿನ್ನೂ ಭೂಮಿ ಬಿಟ್ಟಿಲ್ಲ, ನಾನು ನಿಮಗಿಂತ ಮೂವತ್ತು ಚಿಲ್ಲರೆ ವರ್ಷ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಇಲ್ಲಿ ಒಂದು ಹಗಲು ಒಂದು ಇರುಳು ಕಳೆಯುವಷ್ಟರಲ್ಲಿ ನಿಮಗೆ ತಿಂಗಳೇ ಮುಗಿದಿರುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾವು ಉಸಿರೊಲೆ ಎನ್ನುವುದು ಅಡುಗೆಯ ಒಲೆಯಲ್ಲ. ನೆಲದ ಮಣ್ಣನ್ನು ಕರಗಿಸಿ, ಎರಡು ಸರಳು ಇಳಿಬಿಟ್ಟು, ಕರೆಂಟು ಹರಿಸುವ ದೊಡ್ಡ ಕೊಪ್ಪರಿಗೆ ಅದು. ಕರಗಿದ ಮಣ್ಣನ್ನು ಕರೆಂಟು ಒಡೆಯುತ್ತದೆ: ಒಂದು ಸರಳಿನ ಬಳಿ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತದೆ, ಇನ್ನೊಂದರ ಬಳಿ ಕಬ್ಬಿಣ ಕೂಡಿಕೊಳ್ಳುತ್ತದೆ. ಆಮ್ಲಜನಕ ನಮ್ಮ ಉಸಿರಿಗೆ. ಕಬ್ಬಿಣವೆಲ್ಲ ಗೋಡೆಗೆ, ಹುಟ್ಟಿದ ಮಗುವಿನ ಕೈಗೊಂದು ಬಳೆಯಾಗುವಷ್ಟು ಮಾತ್ರ ತೆಗೆದಿಡುತ್ತೇವೆ.

ಮೊನ್ನೆ ಕೇಬಲ್ ಕಿತ್ತುಹೋಗಿ ಕರೆಂಟು ನಿಂತಿತು. ಒಲೆಯ ಹೊಣೆ ಹೊತ್ತ ನೀಲಗಂಗವ್ವ, "ಯಾರೂ ಮುಚ್ಚಳ ತಗೀಬ್ಯಾಡ್ರಿ, ಒಳಗಿನ ಕಾವು ಒಳಗ ಇರ್ಲಿ" ಎಂದು ಹೇಳಿ ಕೇಬಲ್ ಕಡೆ ಓಡಿದಳು. ಕಾವಲಿಗೆ ಕೂತವಳು ನಾನು. ಸುಮ್ಮನಿರಲು ನನ್ನಿಂದಾಗಲಿಲ್ಲ. ಇನ್ನೂ ಕರಗಿದೆಯೋ ಇಲ್ಲವೋ ಎಂಬ ಹೆದರಿಕೆಗೆ ಮುಚ್ಚಳ ಎತ್ತಿ ನೋಡಿದೆ. ಒಂದು ಸಲವಲ್ಲ, ಮೂರು ಸಲ.

ಕೇಬಲ್ ಸರಿಹೋಯಿತು, ಮೀಟರಿನ ಮುಳ್ಳು ಮಾತ್ರ ಅಲುಗಲಿಲ್ಲ. ಕರಗಿದ ಮಣ್ಣಿನಲ್ಲಿ ಸಲೀಸಾಗಿ ಹರಿಯುವ ಕರೆಂಟು, ಅದೇ ಮಣ್ಣು ಗಟ್ಟಿಯಾದರೆ ಒಳಗೆ ಕಾಲಿಡುವುದಿಲ್ಲ. ಮೂವತ್ತೊಂದು ಜನಕ್ಕೆ ಒಂಬತ್ತು ತಾಸಿನ ಗಾಳಿ ಉಳಿದಿತ್ತು. ಸರಳಿನಿಂದ ಸರಳಿಗೆ ಕಬ್ಬಿಣದ ತಂತಿ ಹಾಸಿದರೆ ಅದು ಕಾದು ಸುತ್ತಲಿನ ಮಣ್ಣನ್ನು ಕರಗಿಸೀತು ಎಂದಳು ನೀಲಗಂಗವ್ವ. ತಂತಿ ಎಲ್ಲಿತ್ತು? ಕೇಬಲ್ ಕತ್ತರಿಸಿದರೆ ಕರೆಂಟೇ ಇಲ್ಲ, ಗೋಡೆ ಕತ್ತರಿಸಿದರೆ ಇದ್ದ ಗಾಳಿಯೂ ಹೋಗುತ್ತದೆ. ಇಲ್ಲಿ ಹುಟ್ಟಿದವರ ಬಳೆಗಳನ್ನೆಲ್ಲ ಕಳಚಿ, ಬಡಿದು ನೇರ ಮಾಡಿ, ಒಂದಕ್ಕೊಂದು ಕೊಂಡಿ ಹಾಕಿದೆವು. ನಾಲ್ಕು ಬೆರಳು ಕಡಿಮೆ ಬಿತ್ತು.

ನನ್ನ ಕೊರಳ ದಾರದಲ್ಲಿ ಒಂದು ಬಳೆ ಇತ್ತು, ನಿಮ್ಮ ಲೆಕ್ಕದಲ್ಲಿ ಹನ್ನೆರಡೇ ದಿನ ಬದುಕಿದ್ದ ನನ್ನ ಮಗಳದು. ಯಾರೂ ಕೇಳಲಿಲ್ಲ, ಎಲ್ಲರೂ ಬೇರೆಲ್ಲೋ ನೋಡುತ್ತ ನಿಂತರು. ನನಗೆ ಅವರ ಮೇಲೆ ಸಿಟ್ಟು ಬಂತು, ಯಾರಾದರೂ ಬಾಯಿಬಿಟ್ಟು ಕೇಳಿದ್ದರೆ ಇಲ್ಲವೆನ್ನಬಹುದಿತ್ತಲ್ಲ ಎಂದು. ಕೊನೆಗೆ ನಾನೇ ದಾರ ಹರಿದು ಕೊಟ್ಟೆ.

ತಂತಿ ಕೆಂಪಾಯಿತು, ಮಣ್ಣು ಮೆಲ್ಲಗೆ ಮೆತ್ತಗಾಯಿತು, ಮುಳ್ಳು ಎದ್ದಿತು. ಬಳೆಗಳು ಕರಗಿ ತಳ ಸೇರಿದವು. ಈಗ ಎಲ್ಲರಿಗೂ ಹೊಸ ಬಳೆ ಮಾಡುತ್ತಿದ್ದಾರೆ. ನನಗೂ ಒಂದು ಮಾಡುವುದಾಗಿ ಹೇಳಿದರು. ಅಳತೆ ಕೊಡಲು ಕೈ ಎಲ್ಲಿದೆ ಎಂದೆ.

ಹಿರಿಯರೇ, ನಿಮ್ಮ ಪಟ್ಟಿಯಲ್ಲಿ ಹಾರ್ಮೋನಿಯಂ ಕೂಡ ಇದೆ. ಅದನ್ನು ತೆಗೆಯಬೇಡಿ, ಇಂದಿಗೂ ಚೆನ್ನಾಗಿ ನುಡಿಯುತ್ತದೆ. ಅದರ ಪೆಟ್ಟಿಗೆಯ ಮೂಲೆಯಲ್ಲಿ ಎರಡು ಮೊಳ ಕಬ್ಬಿಣದ ತಂತಿ ಇಟ್ಟುಬಿಡಿ. ಇಟ್ಟರೆ ಈ ಕಾಗದ ಬರೆಯುವ ಕೆಲಸವೇ ನನಗಿರುವುದಿಲ್ಲ. ಬಳೆ ನನ್ನ ಕೊರಳಲ್ಲೇ ಇರುತ್ತದೆ.

ಒಲೆಯ ಕಾವಲಿನ
ಸಾತವ್ವ