ಹೆಪ್ಪು ಹಾಕಿದ ಕಡಲೆ

ಮಾರ್ಚ್ 4
ಮತ್ತೆ ಹಾಲು, ಬ್ರೆಡ್ಡು. ಜ್ವರ ಬಿಟ್ಟು ಎಷ್ಟೋ ದಿನವಾಯಿತು, ಕೈಯಲ್ಲಿ ಇನ್ನೂ ಬಲವಿಲ್ಲ. ನೀರಿನ ಜಗ್ಗು ಎತ್ತಿದರೆ ನಡುಕ. ರಕ್ತ ಕಡಿಮೆ, ಕಾಳು ತಿನ್ನಿ ಎನ್ನುತ್ತಾರೆ ಡಾಕ್ಟರು. ತಿಂದರೆ ಹೊಟ್ಟೆ ಡೋಲು—ಬಾರಿಸುವುದಕ್ಕೆ ಅವರು ಬರುತ್ತಾರೆಯೇ? ಸೊಸೆಗೆ ಏಳು ತಿಂಗಳು. ನಾಳೆ ಕೂಸನ್ನು ಎತ್ತಿಕೊಳ್ಳುವುದು ಈ ಕೈಯಲ್ಲೇ? ಭಯವಾಗುತ್ತದೆ.

ಮಾರ್ಚ್ 6, ಬೆಳಿಗ್ಗೆ
ಅಡುಗೆಮನೆ ಮೂಲೆಯಲ್ಲಿ ಟವೆಲ್ ಸುತ್ತಿದ ಗಾಜಿನ ಭರಣಿ. ಮುಚ್ಚಳ ತೆಗೆದರೆ ಬೇಯಿಸಿ ಅರೆದ ಕಡಲೆ, ಹುಳಿ ವಾಸನೆ. ಹಳಸಿದೆ! ಬಸುರಿ ಹೆಂಗಸು, ಪಾಪ, ಮರೆತಿರಬೇಕು. ಚೆಲ್ಲಿ, ಬಿಸಿನೀರು ಹಾಕಿ ತಿಕ್ಕಿ ತೊಳೆದೆ. ಏನೋ ಸಾಧಿಸಿದ ಜಂಬ ಬೇರೆ.

ಸಂಜೆ
ಮಾಡಿದ್ದು ಎಡವಟ್ಟು. ಸೊಸೆ ಆಹಾರ ಪರೀಕ್ಷಿಸುವ ಲ್ಯಾಬಿನವಳು. ಭರಣಿ ನನಗಾಗಿಯೇ ಇಟ್ಟಿದ್ದಳಂತೆ. ಬೈಯಲಿಲ್ಲ. ಖಾಲಿ ಭರಣಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು... ಬೈದಿದ್ದರೇ ವಾಸಿಯಿತ್ತು. ಲ್ಯಾಕ್ಟಿಕ್ ಏನೋ ಬ್ಯಾಕ್ಟೀರಿಯಾ ಅಂದಳು. ನನ್ನ ಹೊಟ್ಟೆಗೆ ಕ್ರಿಮಿ ಹಾಕ್ತೀಯಾ ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನನ್ನದು. ಆಮೇಲೆ ಪಕ್ಕದಲ್ಲಿ ಬಂದು ಕೂತಳು.

“ಅತ್ತೆ, ಅದು ಹಳಸಿದ್ದಲ್ಲ. ಹೆಪ್ಪು ಹಾಕಿದ್ದು. ನೀವು ಹಾಲಿಗೆ ಹಾಕ್ತೀರಲ್ಲ, ಹಾಗೆ.”

ಹೆಪ್ಪು! ಆ ಒಂದು ಮಾತು ಮೊದಲೇ ಆಡಬಾರದಿತ್ತೇ ಈ ಹುಡುಗಿ?

ಮಾರ್ಚ್ 9
ಹೊಸ ಭರಣಿ. ಈ ಸಲ ಹೆಪ್ಪು ಕಲಸಿದ್ದು ನಾನೇ. ಕಾಳಿನೊಳಗೆ ಹೊಟ್ಟೆ ಉಬ್ಬಿಸುವ ಸಕ್ಕರೆ ಇರುತ್ತದಂತೆ, ಅದನ್ನು ಹೆಪ್ಪಿನ ಕ್ರಿಮಿಗಳು ನನಗಿಂತ ಮೊದಲೇ ತಿಂದುಬಿಡುತ್ತವಂತೆ. ಕಾಳು ಜಿಪುಣ, ಕಬ್ಬಿಣದ ಅಂಶವನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿರುತ್ತದಂತೆ. ಹುಳಿ ಬಂದರೆ ಮುಷ್ಟಿ ಸಡಿಲ. ಹೆದರುತ್ತಲೇ ತಿಂದೆ. ರುಚಿಯಾಗಿದೆ. ಅವಳಿಗೆ ಮಾತ್ರ ‘ಪರವಾಗಿಲ್ಲ’ ಅಂದೆ.

ಮಾರ್ಚ್ 10
ಹೊಟ್ಟೆ ಡೋಲಾಗಲಿಲ್ಲ.

ಏಪ್ರಿಲ್ 17
ದಿನಾ ಒಂದು ಬಟ್ಟಲು. ಊಟಕ್ಕೆ ಕೂತಾಗ ತುಂಬಿದ ಜಗ್ಗು ಎತ್ತಿ ಎಲ್ಲರಿಗೂ ನಾನೇ ನೀರು ಬಗ್ಗಿಸಿದೆ. ಕೈ ನಡುಗಲಿಲ್ಲ. ಮಗ ಗಮನಿಸಲೇ ಇಲ್ಲ, ದಡ್ಡ. ಸೊಸೆ ನೋಡಿದಳು, ಕಣ್ಣೊರೆಸಿಕೊಂಡಳು. ಕಾಣದವಳಂತೆ ಇದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ಅಷ್ಟೆ, ಮಗಳೇ ಇವಳು.

ಮೇ 12, ಮಧ್ಯಾಹ್ನ
ಮೊಮ್ಮಗಳು ಮನೆಗೆ ಬಂದಳು! ಮೂಗು ನನ್ನದೇ, ಪಾಪ. ಅಳೋಕೆ ಶುರು ಮಾಡಿದರೆ ಎಬ್ಬಿಸಿ ಎಂದು ಹೇಳಿ ಸೊಸೆ ಮಲಗಿದ್ದಾಳೆ. ಈಗಷ್ಟೇ ಕಣ್ಣು ಹತ್ತಿದೆ, ಯಾಕೆ ಎಬ್ಬಿಸಲಿ? ತೊಟ್ಟಿಲು ಅಲುಗುತ್ತಿದೆ. ಶುರುವಾಯಿತು ರಾಗ. ಬಂದೆ ಕಂದಾ, ಬಂದೆ, ಪೆನ್ನು ಇಟ್ಟು ಎರಡೂ ಕೈಯಲ್ಲಿ ಎತ್ತಿ—